ಬೇಸಿಗೆಯ ನೀರು ಮತ್ತು ವಿದ್ಯುತ್ತಿನ ಲೆಕ್ಕ



ಮನೆಖರ್ಚಿಗೆ ನಾವು ಲೆಕ್ಕದ ಪುಸ್ತಕ ಇಡುತ್ತೇವೆ. ತೋಟದ ನೀರಿಗೆ ಇಡುವುದಿಲ್ಲ. ಏಪ್ರಿಲಿನಲ್ಲಿ ಬಾವಿಯ ತಳ ಕಾಣುವ ಹೊತ್ತಿಗೇ ವಿದ್ಯುತ್ತೂ ಕೈಕೊಡುವುದುಂಟು. ಇವು ಎರಡು ಬೇರೆ ಕಷ್ಟಗಳಲ್ಲ ಎಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಒಂದು ಎಕರೆಯಲ್ಲಿ 550 ಅಡಿಕೆ ಮರಗಳಿವೆ ಎನ್ನೋಣ. ಬುಡಕ್ಕೆ ಹಾಯಿಸುವ ಕ್ರಮದಲ್ಲಿ ಮರವೊಂದಕ್ಕೆ 4 ದಿನಕ್ಕೊಮ್ಮೆ 175 ಲೀಟರ್ ಕೊಟ್ಟರೆ, 100 ದಿನಕ್ಕೆ ಸುಮಾರು 24 ಲಕ್ಷ ಲೀಟರ್ ಬೇಕು. ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರಿನಂತೆ 11 ಲಕ್ಷ ಲೀಟರ್ ಸಾಕು.

ಇನ್ನು ವಿದ್ಯುತ್ತು. ಪಂಪ್‌ಸೆಟ್ಟಿನ ದಕ್ಷತೆ ಶೇ. 40 ಎಂದು ಹಿಡಿದರೆ, ಲಕ್ಷ ಲೀಟರ್ ನೀರನ್ನು 30 ಮೀಟರ್ ಎತ್ತಲು ಸುಮಾರು 20 ಯೂನಿಟ್ ತಗಲುತ್ತದೆ. ಅಂದರೆ 24 ಲಕ್ಷಕ್ಕೆ 480 ಯೂನಿಟ್. ಹನಿ ನೀರಾವರಿಯ ಒತ್ತಡಕ್ಕಾಗಿ ಇನ್ನೂ 15 ಮೀಟರ್ ಸೇರಿಸಿದರೂ 330 ಯೂನಿಟ್ ಸಾಕು.

ಈ ಯೂನಿಟ್ಟುಗಳು ಎಲ್ಲಿಂದ ಬರುತ್ತವೆ? ಒಂದು ಪಾಲು ನಮ್ಮ ಮಲೆನಾಡಿನ ನೀರಿನಿಂದಲೇ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ನೀರು ಶರಾವತಿ ವಿದ್ಯುದಾಗಾರಕ್ಕೆ ಸುಮಾರು 440 ಮೀಟರ್ ಇಳಿಯುತ್ತದೆ. ಅಲ್ಲಿ ಒಂದು ಯೂನಿಟ್ಟಿಗೆ ಸುಮಾರು 1000 ಲೀಟರ್ ನೀರು ಬೇಕು. ಆ ಲೆಕ್ಕದಲ್ಲಿ 480 ಯೂನಿಟ್ಟಿಗೆ 4.8 ಲಕ್ಷ ಲೀಟರ್. ಪಂಪಿನ ಬಿಲ್ಲು ನಮಗೆ ಬಾರದಿದ್ದರೂ ಆ ನೀರು ಖರ್ಚಾಗಿಯೇ ಇರುತ್ತದೆ. ಮಳೆ ಕಡಿಮೆಯಾದ ವರ್ಷ ಬಾವಿಯೂ ಆಣೆಕಟ್ಟೂ ಒಟ್ಟಿಗೇ ಬರಿದಾಗುತ್ತವೆ.

ಆದುದರಿಂದ ಒಂದೇ ಹಳ್ಳವನ್ನು ನಂಬಿದ ಸದಸ್ಯರು ದೀಪಾವಳಿಯ ನಂತರ ಒಟ್ಟಿಗೆ ಕುಳಿತು ಈ ಕೆಲಸ ಮಾಡಬೇಕು:

1. ಪ್ರತಿ ತಿಂಗಳ ಮೊದಲ ದಿನ ಬಾವಿಯ ನೀರಿನ ಮಟ್ಟವನ್ನು ಹಗ್ಗದಿಂದ ಅಳೆದು ಬರೆದಿಡಿ.

2. ಪಂಪಿನ ನೀರನ್ನು ಅಳೆಯಿರಿ. 200 ಲೀಟರಿನ ಡ್ರಮ್ಮು 50 ಸೆಕೆಂಡಿನಲ್ಲಿ ತುಂಬಿದರೆ, ಗಂಟೆಗೆ 14,400 ಲೀಟರ್.

3. ಬುಡಕ್ಕೆ ಸೊಪ್ಪು, ಸೋಗೆ ಮುಚ್ಚಿ ತೇವ ಉಳಿಸಿ.

4. ಎಲ್ಲರ ಬೇಡಿಕೆಯನ್ನು ಕೂಡಿಸಿ, ಹಳ್ಳದ ಬೇಸಿಗೆಯ ಹರಿವಿನೊಂದಿಗೆ ಹೋಲಿಸಿ, ಪಂಪಿನ ಸರದಿ ಗೊತ್ತುಮಾಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಹನಿ ನೀರಾವರಿಯಿಂದ ಉಳಿದ 13 ಲಕ್ಷ ಲೀಟರ್ ನಂಬಿ ಮತ್ತೊಂದು ಎಕರೆ ಹೊಸ ತೋಟ ಹಾಕಿದರೆ ಹಳ್ಳಕ್ಕೆ ಉಳಿಯುವುದು ಅತ್ಯಲ್ಪ. ಪಂಪಿನ ಯೂನಿಟ್ಟೋ 660 ಆಗುತ್ತದೆ. ಕೆಳಗಿನ ತೋಟದವರ ಬಾವಿ ಮೊದಲಿನಂತೆಯೇ ಬತ್ತುತ್ತದೆ. ಉಳಿಸಿದ ನೀರನ್ನು ಹಳ್ಳದಲ್ಲಿಯೇ ಬಿಟ್ಟರೆ ಮಾತ್ರ ಅದು ಊರಿನ ಉಳಿತಾಯ.