ಕಪಾಟು: ಟರ್ಮಿನಲ್‌ನಲ್ಲಿ ಒಂದು ಪುಟ್ಟ ಫೈಲ್ ಮ್ಯಾನೇಜರ್ ಕಟ್ಟೋಣ

ನಮ್ಮ ಸಂಘದ ಇ-ಪುಸ್ತಿಕೆಗೆ ಪ್ರವಾಸದ ಲೇಖನವನ್ನೋ ಅಡುಗೆಯ ಬರಹವನ್ನೋ ಕೊಡೋದು ರೂಢಿ. ಈ ಸಲ ನಾನು ಒಂದು ಪಾಠ ತಂದಿದ್ದೀನಿ. ಪೈಥಾನ್‌ನಲ್ಲಿ ಒಂದು ಲೂಪ್, ಒಂದು ಫಂಕ್ಷನ್ ಬರೆದು ಗೊತ್ತಿದ್ದರೆ ಸಾಕು. ಒಂದು ವಾರಾಂತ್ಯದಲ್ಲಿ ಮುಗಿಸಬಹುದು.

ಇದು ಯಾಕೆ ಹುಟ್ಟಿತು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಜರ್ಮನಿಗೆ ಬರುವ ಮುಂಚೆ ತೀರ್ಥಹಳ್ಳಿಯಲ್ಲಿ ಅಜ್ಜಿಯ ಪಕ್ಕ ಕೂತು 11 ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಅವನ್ನು ನಾನು ಬಳಸುವ ಲಿನಕ್ಸ್ ಸರ್ವರ್‌ನ ತಾತ್ಕಾಲಿಕ ಫೋಲ್ಡರಿಗೆ ಹಾಕಿದ್ದೆ. ಅಲ್ಲಿ ಬ್ಯಾಕಪ್ ಇರಲ್ಲ ಅಂತ ನನಗೆ ಗೊತ್ತಿತ್ತು. ಒಂದು ರಾತ್ರಿ ಅದೇ ಫೋಲ್ಡರಿನಲ್ಲಿದ್ದ ‘ಡಾಟ್ ಟಿಎಂಪಿ’ ಫೈಲುಗಳನ್ನು ಅಳಿಸಲು ಹೋಗಿ, ‘ಆರ್‌ಎಂ’ ಕಮಾಂಡಿನಲ್ಲಿ ನಕ್ಷತ್ರ ಚಿಹ್ನೆಗೂ ಡಾಟ್‌ಗೂ ನಡುವೆ ಒಂದು ಸ್ಪೇಸ್ ಒತ್ತಿಬಿಟ್ಟೆ. ಶೆಲ್‌ಗೆ ಅದು ಎರಡು ಬೇರೆ ಮಾತು: ಮೊದಲು ಇಲ್ಲಿರುವ ಎಲ್ಲವನ್ನೂ ಅಳಿಸು, ಆಮೇಲೆ ‘ಡಾಟ್ ಟಿಎಂಪಿ’ ಅನ್ನೋ ಫೈಲ್ ಅಳಿಸು. ಎರಡನೆಯದು ಸಿಗಲಿಲ್ಲ ಅಂತ ದೂರು ಹೇಳಿತು. ಮೊದಲನೆಯದನ್ನು ಮಾತಿಲ್ಲದೆ ಮುಗಿಸಿತ್ತು. 7 ಪದಗಳು ಚಿಕ್ಕಮ್ಮನ ಫೋನಿನಲ್ಲಿ ಉಳಿದಿದ್ದವು. ಉಳಿದ ನಾಲ್ಕನ್ನು ಅಜ್ಜಿ ಫೋನಿನಲ್ಲೇ ಮತ್ತೆ ಹಾಡಲು ಕೂತರು. ಎರಡು ನೆನಪಿಗೆ ಬಂದವು, ಎರಡು ಬರಲಿಲ್ಲ.

ತಪ್ಪು ಪೂರ್ತಿ ನನ್ನದೇ. ಆದರೆ ಕಣ್ಣೆದುರು ಫೈಲುಗಳ ಪಟ್ಟಿ ಇದ್ದು, ಅಳಿಸಿದ್ದನ್ನು ವಾಪಸ್ ತರುವ ದಾರಿಯೂ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನಿಸಿತು. ಅದಕ್ಕೇ ‘ಕಪಾಟು’ ಬರೆದೆ. ಸುಮಾರು 200 ಸಾಲು, ಅಷ್ಟೆ.

ಮುಂಚೆ ಇದ್ದವರು

ಇದೇನೂ ಹೊಸ ಯೋಚನೆ ಅಲ್ಲ. 1986ರಲ್ಲಿ ಡಾಸ್‌ಗಾಗಿ ಜಾನ್ ಸೋಚಾ ಬರೆದ ನಾರ್ಟನ್ ಕಮಾಂಡರ್ ಬಂತು: ಪರದೆಯಲ್ಲಿ ಅಕ್ಕಪಕ್ಕ ಎರಡು ಪಟ್ಟಿ, ಒಂದರಿಂದ ಇನ್ನೊಂದಕ್ಕೆ ಫೈಲ್ ಸಾಗಿಸೋದು. 1994ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಅದೇ ಮಾದರಿಯಲ್ಲಿ ಯುನಿಕ್ಸ್‌ಗೆ ಮಿಡ್‌ನೈಟ್ ಕಮಾಂಡರ್ ಬರೆದರು. ಈಗ ಪೈಥಾನ್‌ನಲ್ಲಿ ಬರೆದ ರೇಂಜರ್, ಸಿ ಭಾಷೆಯ ಎನ್‌ಎನ್‌ಎನ್, ಗೋ ಭಾಷೆಯ ಎಲ್‌ಎಫ್, ರಸ್ಟ್‌ನ ಯಾಜಿ ಎಲ್ಲ ಇವೆ. ದಿನದ ಕೆಲಸಕ್ಕೆ ಅವನ್ನೇ ಬಳಸಿ. ನಾವು ಕಟ್ಟೋದು ಒಳಗೆ ಏನು ನಡೆಯುತ್ತೆ ಅಂತ ತಿಳಿಯೋಕೆ.

ಒಟ್ಟು ಕಾರ್ಯಕ್ರಮದ ಅಸ್ಥಿಪಂಜರ ಇಷ್ಟೆ:

1. ಫೋಲ್ಡರ್ ಓದು.
2. ಪಟ್ಟಿಯನ್ನು ಪರದೆಗೆ ಬರೆ.
3. ಒಂದು ಕೀ ಒತ್ತುವ ತನಕ ಕಾಯಿ.
4. ಆ ಕೀಗೆ ತಕ್ಕ ಕೆಲಸ ಮಾಡು.
5. ಫೋಲ್ಡರ್ ಬದಲಾಗಿದ್ದರೆ 1ಕ್ಕೆ, ಇಲ್ಲದಿದ್ದರೆ 2ಕ್ಕೆ ಹೋಗು.

ಕೀಗಾಗಿ ಕಾಯುವಾಗ ಪ್ರೋಗ್ರಾಂ ನಿದ್ದೆ ಮಾಡುತ್ತಿರುತ್ತೆ, ಸಿಪಿಯು ಮುಟ್ಟಲ್ಲ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರದಲ್ಲಿ ಕೆಲಸ ಮಾಡುವಾಗಲೂ ಸಾಗಬೇಕಾದ್ದು ಕೆಲವೇ ಅಕ್ಷರಗಳು. ‘ಹಗುರ’ ಅನ್ನೋದರ ಅರ್ಥ ಇದೇ.

ಓದುವುದು

ಪೈಥಾನ್ 3.5ರಿಂದ ‘ಓಎಸ್’ ಮಾಡ್ಯೂಲಿನಲ್ಲಿ ‘ಸ್ಕ್ಯಾನ್‌ಡಿರ್’ ಇದೆ. ಹಳೆಯ ‘ಲಿಸ್ಟ್‌ಡಿರ್’ ಬರೀ ಹೆಸರು ಕೊಡುತ್ತೆ. ಇದು ಫೋಲ್ಡರ್ರೋ, ಫೈಲೋ ಅಂತ ತಿಳಿಯಲು ಪ್ರತಿಯೊಂದಕ್ಕೂ ಮತ್ತೆ ಡಿಸ್ಕ್ ಕೇಳಬೇಕು. ಸ್ಕ್ಯಾನ್‌ಡಿರ್ ಹೆಸರಿನ ಜೊತೆಗೇ ಬಹುತೇಕ ಸಲ ಆ ಮಾಹಿತಿಯನ್ನೂ ತಂದುಕೊಡುತ್ತೆ. ಸಾವಿರಾರು ಫೈಲ್ ಇರುವ ಫೋಲ್ಡರಿನಲ್ಲಿ, ಅದೂ ನೆಟ್‌ವರ್ಕ್ ಡಿಸ್ಕಿನಲ್ಲಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಫೋಲ್ಡರುಗಳು ಮೊದಲು, ಫೈಲುಗಳು ಆಮೇಲೆ, ಡಾಟ್‌ನಿಂದ ಶುರುವಾಗೋವು ಮರೆಯಲ್ಲಿ ಅಂತ ಜೋಡಿಸಿಕೊಳ್ಳಿ. ಕೆಲವು ಫೋಲ್ಡರಿಗೆ ನಿಮಗೆ ಅನುಮತಿ ಇರಲ್ಲ. ಆಗ ‘ಪರ್ಮಿಷನ್ ಎರರ್’ ಬರುತ್ತೆ. ಅದನ್ನು ಹಿಡಿದು, ಕೆಳಗಿನ ಸಾಲಿನಲ್ಲಿ ‘ಅನುಮತಿ ಇಲ್ಲ’ ಅಂತ ತೋರಿಸಿ, ಇದ್ದಲ್ಲೇ ಇರಿ.

ಬರೆಯುವುದು

ಪರದೆಗೆ ‘ಕರ್ಸಸ್’ ಅನ್ನೋ ಲೈಬ್ರರಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಪೈಥಾನ್ ಜೊತೆಗೇ ಬರುತ್ತೆ. ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ ಒಳಗೆ ಮಾಡಿ. ಪ್ರೋಗ್ರಾಂ ಶುರುವಿನಲ್ಲೇ ‘ಲೊಕೇಲ್’ ಹೊಂದಿಸಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಕಸ ಕಾಣಬಹುದು. ನಿಮ್ಮ ಮುಖ್ಯ ಫಂಕ್ಷನ್ನನ್ನು ‘ಕರ್ಸಸ್.ರ‍್ಯಾಪರ್’ ಒಳಗೇ ಓಡಿಸಿ. ಮಧ್ಯದಲ್ಲಿ ಪ್ರೋಗ್ರಾಂ ಬಿದ್ದರೂ ಅದು ಟರ್ಮಿನಲ್ಲನ್ನು ಮೊದಲಿನಂತೆ ಮಾಡಿ ಹೊರಗೆ ಬರುತ್ತೆ. ರ‍್ಯಾಪರ್ ಇಲ್ಲದೆ ಬಿದ್ದರೆ ನೀವು ಟೈಪ್ ಮಾಡಿದ್ದೇ ಕಾಣಲ್ಲ. ಆಗ ಕುರುಡಾಗಿ ‘ರೀಸೆಟ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿ.

300 ಫೈಲ್ ಇದ್ದು ಪರದೆಯಲ್ಲಿ 40 ಸಾಲು ಮಾತ್ರ ಇದ್ದರೆ? ಎರಡೇ ಸಂಖ್ಯೆ ನೆನಪಿಟ್ಟುಕೊಳ್ಳಿ: ಈಗ ಆಯ್ಕೆಯಾಗಿರುವುದು ಎಷ್ಟನೆಯದು, ಪರದೆಯ ಮೇಲ್ತುದಿಯಲ್ಲಿರುವುದು ಎಷ್ಟನೆಯದು. ಆಯ್ಕೆ ಮೇಲ್ತುದಿಗಿಂತ ಮೇಲೆ ಹೋದರೆ ಮೇಲ್ತುದಿಯನ್ನು ಅಲ್ಲಿಗೇ ಎಳೆಯಿರಿ. ಕೆಳಗಿನ ಅಂಚು ದಾಟಿದರೆ ಅಷ್ಟು ಕೆಳಗೆ ಸರಿಸಿ. ಸ್ಕ್ರಾಲ್ ಅಂದ್ರೆ ಇಷ್ಟೆ. ಒಂದು ತೊಡಕು: ಪರದೆಯ ಕೆಳಗಿನ ಬಲಮೂಲೆಯ ಕೊನೆಯ ಚೌಕಕ್ಕೆ ಬರೆದರೆ ಕರ್ಸಸ್ ಎರರ್ ಕೊಡುತ್ತೆ. ಒಂದು ಚೌಕ ಬಿಟ್ಟು ಬರೆಯಿರಿ.

ಕೀಗಳಿಗೆ ಬಾಣದ ಗುರುತುಗಳನ್ನೇ ಇಡಿ. ವಿಐ ಅಭ್ಯಾಸ ಇರುವವರಿಗೆ ‘ಜೆ’, ‘ಕೆ’ ಕೂಡ ಕೊಡಿ, ಆದರೆ ಅದನ್ನೇ ನೆಚ್ಚಬೇಡಿ. ಕೀಬೋರ್ಡ್ ಇನ್‌ಸ್ಕ್ರಿಪ್ಟ್‌ನಲ್ಲಿದ್ದರೆ ‘ಜೆ’ ಒತ್ತಿದಾಗ ‘ರ’ ಬರುತ್ತೆ! ಹೆಸರು ಹುಡುಕುವ ಸೌಲಭ್ಯ ಸೇರಿಸುವುದಾದರೆ ‘ಗೆಟ್‌ಸಿಎಚ್’ ಬದಲು ‘ಗೆಟ್ ಡಬ್ಲ್ಯುಸಿಎಚ್’ ಬಳಸಿ. ಮೊದಲನೆಯದು ಒಂದು ಕನ್ನಡ ಅಕ್ಷರವನ್ನು ಮೂರು ಚೂರು ಮಾಡಿ ಕೊಡುತ್ತೆ.

ಕನ್ನಡದ ಹೆಸರುಗಳು

ಇಲ್ಲಿ ಪಠ್ಯಪುಸ್ತಕ ಕೈ ಕೊಡುತ್ತೆ. ‘ಕನ್ನಡ’ ಅನ್ನೋದು ನಮಗೆ ಮೂರು ಅಕ್ಷರ. ಯುನಿಕೋಡ್‌ಗೆ ಐದು ಸಂಕೇತ: ಕ, ನ, ವಿರಾಮ ಚಿಹ್ನೆ, ನ, ಡ. ಡಿಸ್ಕಿನಲ್ಲಿ ಯುಟಿಎಫ್-8 ಪ್ರಕಾರ ಒಂದೊಂದಕ್ಕೆ 3 ಬೈಟ್, ಒಟ್ಟು 15. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿಗೆ ಅದು 255 ಅಕ್ಷರ, ನಮಗೆ 85 ಸಂಕೇತ. ಹಾಡಿನ ಮೊದಲ ಸಾಲನ್ನೇ ಫೈಲಿನ ಹೆಸರು ಮಾಡುವ ನನ್ನಂಥವರಿಗೆ ಇದು ಬೇಗ ಮುಗಿಯುತ್ತೆ.

ಎರಡನೆಯದು ಅಗಲ. ಒತ್ತಕ್ಷರ, ಸ್ವರಚಿಹ್ನೆಗಳಿಗೆ ಎಷ್ಟು ಚೌಕ ಅನ್ನೋದರಲ್ಲಿ ಒಂದು ಟರ್ಮಿನಲ್‌ಗೂ ಇನ್ನೊಂದಕ್ಕೂ ಹೊಂದಾಣಿಕೆ ಇಲ್ಲ. ನಾನು ಲೆಕ್ಕ ಹಾಕಿ ಹಾಕಿ ಸೋತು, ಸುಲಭದ ದಾರಿ ಹಿಡಿದೆ: ಗಾತ್ರ, ತಾರೀಖು ಎಡಗಡೆ, ಹೆಸರು ಕೊನೆಗೆ, ಬಲಗಡೆ. ಹೆಸರು ಸ್ವಲ್ಪ ಹಿಗ್ಗಿದರೂ ಕುಗ್ಗಿದರೂ ಬೇರೆ ಕಾಲಂ ಕೆಡಲ್ಲ. ಉದ್ದದ ಹೆಸರನ್ನು ಕತ್ತರಿಸುವಾಗ, ಕತ್ತರಿಸಿದ ಜಾಗದ ಮುಂದೆ ಸ್ವರಚಿಹ್ನೆಯೋ ವಿರಾಮವೋ ಇದ್ದರೆ, ಅಥವಾ ಹಿಂದೆ ವಿರಾಮ ಇದ್ದರೆ, ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಇಲ್ಲದಿದ್ದರೆ ‘ಅಕ್ಷರ’ದ ‘ಕ್ಷ’ ಅರ್ಧಕ್ಕೇ ತುಂಡಾಗಿ ‘ಅಕ್’ ಅಂತ ನಿಲ್ಲುತ್ತೆ.

ಮೂರನೆಯದು ಮೋಸದ್ದು. ‘ಕೊಡಗು’ವಿನ ‘ಕೊ’ವನ್ನು ಕ ಮತ್ತು ಒಂದೇ ಒ-ಕಾರದ ಚಿಹ್ನೆಯಾಗಿ ಬರೆಯಬಹುದು, ಕ, ಎ-ಕಾರ, ಊ-ಕಾರ ಅಂತ ಮೂರಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೀಗೆ ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಒಂದೇ, ಬೈಟುಗಳು ಬೇರೆ: 15 ಮತ್ತು 18. ಲಿನಕ್ಸ್‌ನಲ್ಲಿ ಇವೆರಡೂ ಒಂದೇ ಫೋಲ್ಡರಿನಲ್ಲಿ ಪಕ್ಕಪಕ್ಕ ಇರಬಹುದು. ಆದ್ದರಿಂದ ಹುಡುಕುವಾಗ ಎರಡೂ ಕಡೆ ‘ಯುನಿಕೋಡ್‌ಡೇಟಾ.ನಾರ್ಮಲೈಜ್’ ಮಾಡಿ ಹೋಲಿಸಿ. ಆದರೆ ಫೈಲ್ ತೆರೆಯುವಾಗ, ಸಾಗಿಸುವಾಗ ಡಿಸ್ಕ್ ಕೊಟ್ಟ ಹೆಸರನ್ನು ಇದ್ದ ಹಾಗೇ ಬಳಸಿ. ತೋರಿಸುವ ಹೆಸರು ಬೇರೆ, ಮುಟ್ಟುವ ಹೆಸರು ಬೇರೆ. ಈ ಒಂದು ವಾಕ್ಯ ನೆನಪಿಟ್ಟರೆ ಅರ್ಧ ಬಗ್ ಬರೋದೇ ಇಲ್ಲ.

ಅಳಿಸುವ ಕೀ

ಇನ್ನು ನಾನು ಬಂದ ಕೆಲಸ. ಕಪಾಟಿನಲ್ಲಿ ‘ಡಿ’ ಒತ್ತಿದರೆ ಫೈಲ್ ಅಳಿಯಲ್ಲ, ಕಸದಬುಟ್ಟಿಗೆ ಹೋಗುತ್ತೆ. ‘ಖಂಡಿತಾನಾ?’ ಅಂತ ಕೇಳಿದರೆ ಸಾಕಲ್ವಾ ಅಂತೀರಾ? ಮೊದಲ ಹತ್ತು ಸಲ ಓದ್ತೀವಿ. ಆಮೇಲೆ ಬೆರಳು ತಾನಾಗೇ ‘ವೈ’ ಒತ್ತುತ್ತೆ. ಪ್ರಶ್ನೆಗಿಂತ ವಾಪಸ್ ಬರುವ ದಾರಿ ದೊಡ್ಡದು.

ಲಿನಕ್ಸ್ ಡೆಸ್ಕ್‌ಟಾಪುಗಳು ಒಪ್ಪಿಕೊಂಡಿರುವ ಒಂದು ಪದ್ಧತಿ ಇದೆ. ಹೋಂ ಫೋಲ್ಡರಿನ ‘ಡಾಟ್ ಲೋಕಲ್’ ಒಳಗೆ ‘ಶೇರ್’, ಅದರೊಳಗೆ ‘ಟ್ರ್ಯಾಶ್’. ಅದರಲ್ಲಿ ‘ಫೈಲ್ಸ್’ ಮತ್ತು ‘ಇನ್ಫೋ’ ಅಂತ ಎರಡು ಫೋಲ್ಡರ್. ಒಂದರಲ್ಲಿ ಸಾಮಾನು, ಇನ್ನೊಂದರಲ್ಲಿ ಚೀಟಿ: ಎಲ್ಲಿಂದ ಬಂತು, ಯಾವಾಗ ಬಂತು. ಕ್ರಮ ಮುಖ್ಯ:

ಮೊದಲು ಚೀಟಿ ಬರೆಯಿರಿ. ಫೈಲನ್ನು ‘ಎಕ್ಸ್’ ಮೋಡಿನಲ್ಲಿ ತೆರೆದರೆ, ಆ ಹೆಸರಿನ ಚೀಟಿ ಆಗಲೇ ಇದ್ದಲ್ಲಿ ಪೈಥಾನ್ ಒಪ್ಪಲ್ಲ. ಆಗ ಹೆಸರಿನ ಕೊನೆಗೆ 2, 3 ಅಂತ ಸೇರಿಸಿ ಮತ್ತೆ ಯತ್ನಿಸಿ. ಚೀಟಿಯ ಹೆಸರಿಗೆ ‘ಡಾಟ್ ಟ್ರ್ಯಾಶ್‌ಇನ್ಫೋ’ ಅಂತ 10 ಬೈಟ್ ಹೆಚ್ಚು ಸೇರುತ್ತೆ. ಉದ್ದದ ಕನ್ನಡ ಹೆಸರಾದರೆ 255 ದಾಟೀತು, ಅಲ್ಲಿ ಮೊಟಕುಗೊಳಿಸಿ. ಮೂಲ ಹೆಸರು ಚೀಟಿಯ ಒಳಗೆ ಭದ್ರವಾಗಿರುತ್ತೆ.

ಆಮೇಲೆ ಸಾಗಿಸಿ. ‘ರೀನೇಮ್’ ಒಂದೇ ಡಿಸ್ಕಿನೊಳಗೆ ಕ್ಷಣದಲ್ಲಿ ಆಗುತ್ತೆ. ಪೆನ್‌ಡ್ರೈವ್‌ನಿಂದ ಹೋಂಗೆ ಸಾಗಿಸಲು ಹೋದರೆ ‘ಕ್ರಾಸ್ ಡಿವೈಸ್’ ಎರರ್. ಆಗ ‘ಶಟಿಲ್.ಮೂವ್’ ನೆರವಿಗೆ ಬರುತ್ತೆ: ಪೂರ್ತಿ ನಕಲು ಮಾಡಿ, ಅದು ಮುಗಿದ ಮೇಲಷ್ಟೇ ಮೂಲವನ್ನು ತೆಗೆಯುತ್ತೆ.

‘ಯು’ ಒತ್ತಿದರೆ ಕೊನೆಯ ಚೀಟಿ ಓದಿ ವಾಪಸ್ ಇಡೋದು. ಆದರೆ ಹುಷಾರು! ಯುನಿಕ್ಸ್‌ನಲ್ಲಿ ‘ರೀನೇಮ್’ ಆ ಜಾಗದಲ್ಲಿ ಆಗಲೇ ಇರುವ ಫೈಲನ್ನು ಕೇಳದೇ ಮೆಟ್ಟಿಬಿಡುತ್ತೆ. ಹೆಸರು ಬದಲಿಸುವಾಗಲೂ ವಾಪಸ್ ತರುವಾಗಲೂ ಮೊದಲು ‘ಲೆಕ್ಸಿಸ್ಟ್ಸ್’ ಕೇಳಿ ನೋಡಿ. ನನ್ನ 200 ಸಾಲಿನಲ್ಲಿ 80ರಷ್ಟು ಈ ಭಾಗಕ್ಕೇ ಹೋಗಿವೆ. ಹಗುರವಾದ ಪ್ರೋಗ್ರಾಂ ಅಂದ್ರೆ ಎಚ್ಚರ ಕಮ್ಮಿ ಇರೋ ಪ್ರೋಗ್ರಾಂ ಅಲ್ಲ.

ನೀವೂ ಮಾಡಿ ನೋಡಿ

ಅಸಲಿ ಫೈಲುಗಳ ಮೇಲೆ ಪ್ರಯೋಗ ಬೇಡ. ಒಂದು ಖಾಲಿ ಫೋಲ್ಡರ್ ಮಾಡಿ, ಅದರಲ್ಲಿ ಕಷ್ಟದ ಹೆಸರುಗಳನ್ನು ತುಂಬಿ: ನಡುವೆ ಸ್ಪೇಸ್ ಇರೋದು, ಹೈಫನ್‌ನಿಂದ ಶುರುವಾಗೋದು, ಎರಡು ಬಗೆಯ ‘ಕೊಡಗು’, 85 ಸಂಕೇತದ ಒಂದು ಕನ್ನಡ ಹೆಸರು, ಒಳಗೆ ಹೊಸಸಾಲು ಇರೋದು. ಹೌದು, ಯುನಿಕ್ಸ್ ಹೆಸರಿನಲ್ಲಿ ಹೊಸಸಾಲೂ ಇರಬಹುದು. ಓರೆಗೆರೆ ಮತ್ತು ಸೊನ್ನೆ ಬೈಟ್ ಬಿಟ್ಟು ಬೇರೆ ಏನಾದರೂ ನಡೆಯುತ್ತೆ. ತೋರಿಸುವಾಗ ಅಂಥದ್ದನ್ನು ಪ್ರಶ್ನಾರ್ಥಕ ಚಿಹ್ನೆಯಾಗಿ ಬದಲಿಸಿ. ನಂತರ:

1. ಎಲ್ಲವನ್ನೂ ಅಳಿಸಿ, ಎಲ್ಲವನ್ನೂ ವಾಪಸ್ ತನ್ನಿ. ಹೆಸರಿನ ಒಂದು ಬೈಟ್ ಕೂಡ ಬದಲಾಗಿರಬಾರದು.
2. ‘ಕೊಡಗು’ ಹುಡುಕಿ. ಎರಡೂ ಸಿಗಬೇಕು.
3. ಪ್ರೋಗ್ರಾಂ ಮುಚ್ಚಿದಾಗ ಶೆಲ್ ಅದೇ ಫೋಲ್ಡರಿನಲ್ಲಿ ನಿಲ್ಲುವ ಹಾಗೆ ಮಾಡಿ. ಸುಳಿವು: ಮಗು ಪ್ರೋಸೆಸ್ ತಾಯಿ ಪ್ರೋಸೆಸ್‌ನ ಫೋಲ್ಡರ್ ಬದಲಿಸಲಾರದು. ವಿಳಾಸವನ್ನು ಒಂದು ಫೈಲಿಗೆ ಬರೆದಿಟ್ಟು, ಶೆಲ್‌ನ ಒಂದು ಪುಟ್ಟ ಫಂಕ್ಷನ್ ಅದನ್ನು ಓದಿ ‘ಸಿಡಿ’ ಮಾಡಬೇಕು.

ಕಡೆಗೊಂದು ಮಾತು. ಕಸದಬುಟ್ಟಿ ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಅಜ್ಜಿಯ 9 ಪದಗಳು ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿವೆ, ಒಂದು ಹಾರ್ಡ್‌ಡಿಸ್ಕಿನಲ್ಲಿವೆ, ಚಿಕ್ಕಮ್ಮನ ಮನೆಯಲ್ಲೂ ಇವೆ. ನಿಮ್ಮ ಫೋನಿನಲ್ಲೂ ಮನೆಯವರ ದನಿ ಇದ್ದೇ ಇರುತ್ತೆ. ಕಪಾಟು ಕಟ್ಟುವ ಮುಂಚೆ ಅದರ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟು ಬನ್ನಿ, ಆಮೇಲೆ ಪಾಠ ಶುರು ಮಾಡೋಣ.