ಕಚೇರಿಯನ್ನು ಕೇಳಿ ಬರೆಯುವ ಬಗೆ

ಶಾಲೆಯಲ್ಲಿ ಮಕ್ಕಳಿಗೆ ‘ನೀವು ಪ್ರತ್ಯಕ್ಷ ಕೇಳಿದ ಒಂದು ಸಂಗೀತ ಕಚೇರಿಯ ವಿಮರ್ಶೆಯನ್ನು ಬರೆದು ತನ್ನಿರಿ’ ಎಂದು ಅಭ್ಯಾಸ ಕೊಡುವುದುಂಟು. ಆಗ ಅನೇಕ ಮಕ್ಕಳು ಮಾಡುವುದೇನು? ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಕಲಾವಿದರ ಪರಿಚಯವನ್ನು ಅರ್ಧ ಪುಟ ನಕಲು ಮಾಡಿ, ಉಳಿದರ್ಧದಲ್ಲಿ ‘ಗಾಯನ ಸುಶ್ರಾವ್ಯವಾಗಿತ್ತು, ಶ್ರೋತೃಗಳ ಮನಸೂರೆಗೊಂಡಿತು’ ಎಂದು ಬರೆದು ಮುಗಿಸುತ್ತಾರೆ. ಇಷ್ಟನ್ನು ಕಚೇರಿಗೆ ಹೋಗದೆಯೂ ಬರೆಯಬಹುದು. ಹೋಗಿ ಕುಳಿತು ಕೇಳಿದವನು ಮಾತ್ರ ಬರೆಯಬಲ್ಲ ಸಂಗತಿ ಯಾವುದೋ ಅದೇ ವಿಮರ್ಶೆಯ ತಿರುಳು.

ಸ್ಥಳ, ದಿನ, ಹಾಡಿದವರು, ಪಿಟೀಲು, ಮೃದಂಗ, ಘಟ ನುಡಿಸಿದವರು, ಇವೆಲ್ಲ ಎರಡು ವಾಕ್ಯಗಳಲ್ಲಿ ಮುಗಿಯಬೇಕು. ಅನಂತರ ಕಚೇರಿಯ ಕ್ರಮ. ಇಂದು ನಾವು ಕೇಳುವ ಕರ್ನಾಟಕ ಸಂಗೀತ ಕಚೇರಿಯ ರೂಪವು ಬಹುಮಟ್ಟಿಗೆ ಅರಿಯಕುಡಿ ರಾಮಾನುಜ ಅಯ್ಯಂಗಾರರಿಂದ (1890–1967) ನೆಲೆಗೊಂಡಿತೆಂದು ಹೇಳುವುದು ವಾಡಿಕೆ. ಮೊದಲು ವರ್ಣ, ಬಳಿಕ ಕೆಲವು ಕೃತಿಗಳು, ನಡುವೆ ವಿಸ್ತಾರವಾದ ಒಂದು ಪ್ರಧಾನ ಕೃತಿ, ಅದರ ಹಿಂದೆಯೇ ಮೃದಂಗದವರ ತನಿ ಆವರ್ತನ, ಕೊನೆಗೆ ಲಘುವಾದ ರಚನೆಗಳು. ಎಲ್ಲವನ್ನೂ ಬರೆಯಹೊರಟರೆ ಪಟ್ಟಿಯಾದೀತು. ಪ್ರಧಾನ ಕೃತಿಯನ್ನೊಂದು, ಕೊನೆಯ ರಚನೆಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು.

ಪ್ರಧಾನ ಕೃತಿಯಲ್ಲಿ ಕಿವಿಗೊಡಬೇಕಾದುದು ಎಲ್ಲಿ? ಆಲಾಪನೆಯಲ್ಲಿ ಗಾಯಕರು ಯಾವ ಸ್ವರದಲ್ಲಿ ಹೆಚ್ಚು ಹೊತ್ತು ನಿಂತರು, ಪಿಟೀಲಿನವರು ಅದನ್ನೇ ಅನುಸರಿಸಿದರೇ ಅಥವಾ ತಮ್ಮದನ್ನೂ ಸೇರಿಸಿದರೇ, ನೆರವಲಿಗೆ ಯಾವ ಸಾಲನ್ನು ಎತ್ತಿಕೊಂಡರು ಎಂಬುದನ್ನು ಗಮನಿಸಬೇಕು. ತಾಳವನ್ನು ತೊಡೆಯ ಮೇಲೆ ಎಣಿಸಿ ನೋಡಬಹುದು. ಆದಿತಾಳಕ್ಕೆ 8 ಎಣಿಕೆ, ಮಿಶ್ರಛಾಪಿಗೆ 7, ಖಂಡಛಾಪಿಗೆ 5. ರಾಗದ ಹೆಸರು ತಿಳಿಯದಿದ್ದರೆ ಪಕ್ಕದ ಹಿರಿಯರನ್ನು ಹಾಡು ಮುಗಿದ ಮೇಲೆ ಕೇಳುವುದರಲ್ಲಿ ಸಂಕೋಚವಿಲ್ಲ. ನಡುವೆ ಕೇಳುವುದು ಮಾತ್ರ ಸಲ್ಲದು. ‘ಕಲ್ಯಾಣಿ ರಾಗ ಅದ್ಭುತವಾಗಿತ್ತು’ ಎನ್ನುವುದಕ್ಕಿಂತ, ‘ತಾರಷಡ್ಜವನ್ನು ಮುಟ್ಟುವ ಮೊದಲು ಗಾಯಕಿ ನಿಷಾದದಲ್ಲಿ ಬಹಳ ಹೊತ್ತು ನಿಂತರು; ಷಡ್ಜ ಬಂದಾಗ ಸಭೆಯಲ್ಲಿ ಮೆಲ್ಲನೆ ಉದ್ಗಾರ ಕೇಳಿಸಿತು’ ಎಂದು ಬರೆದರೆ, ಅಲ್ಲಿಗೆ ಬಾರದಿದ್ದ ಉಪಾಧ್ಯಾಯರಿಗೂ ಆ ಕ್ಷಣವು ಗೋಚರಿಸುತ್ತದೆ.

ಪುಣೆ, ಮುಂಬಯಿಗಳ ಮಕ್ಕಳು ಹಿಂದುಸ್ತಾನಿ ಕಚೇರಿಗೆ ಹೋದರೂ ಮಾರ್ಗ ಇದೇ. ಅಲ್ಲಿ ಪ್ರಧಾನ ಕೃತಿಯ ಸ್ಥಾನದಲ್ಲಿ ವಿಲಂಬಿತ ಖಯಾಲು, ಮೃದಂಗದ ಸ್ಥಾನದಲ್ಲಿ ತಬಲಾ.

ಇನ್ನು ಕೊನೆಯ ರಚನೆಯ ವಿಚಾರ. ದಾಸರ ಪದಗಳನ್ನು ಬಹುತೇಕ ಅಲ್ಲಿಯೇ ಹಾಡುತ್ತಾರೆ. ಎದ್ದು ಹೊರಡುವವರ ಸದ್ದಿನ ನಡುವೆ ಅವು ಕೇಳಿಸುತ್ತವೆ ಎಂಬುದು ಖೇದದ ಸಂಗತಿ. ಆದರೆ ನಮ್ಮ ಮಗುವಿಗೆ, ಇಡೀ ತರಗತಿಯಲ್ಲಿ ಇನ್ನಾರಿಗೂ ಇರಲಾರದ ಅನುಕೂಲವು ಇಲ್ಲಿಯೇ ಇದೆ. ಅದಕ್ಕೆ ಸಾಹಿತ್ಯ ಅರ್ಥವಾಗುತ್ತದೆ! ಪುರಂದರದಾಸರ ‘ಜಗದೋದ್ಧಾರನ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಕಾಪಿ ರಾಗದಲ್ಲಿ ಅದು ದೇಶಾದ್ಯಂತ ಪರಿಚಿತ. ಜಗತ್ತನ್ನು ಉದ್ಧರಿಸುವವನನ್ನು ಯಶೋದೆಯು ಮಗುವೆಂದು ಆಡಿಸಿದಳು ಎಂಬುದು ಪಲ್ಲವಿಯ ಭಾವ. ಆ ಮೊದಲ ಶಬ್ದದ ಕೊನೆಯ ‘ನ’ ದ್ವಿತೀಯಾ ವಿಭಕ್ತಿಯ ಅರ್ಥವನ್ನು ಕೊಡುತ್ತದೆ. ಅದನ್ನು ‘ಉದ್ಧರಣ’ವೆಂದು ಹಾಡಿಬಿಟ್ಟರೆ ಯಶೋದೆ ಆಡಿಸುವುದು ಯಾರನ್ನು? ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಆ ಲಿಪಿಯಲ್ಲಿ ಬರೆದುಕೊಂಡು ಕಲಿತವರ ಬಾಯಲ್ಲಿ ‘ದ್ಧ’ವು ‘ದ್ದ’ ಆಗುವುದು ಸಹಜ. ಇದನ್ನು ಹೀಯಾಳಿಸದೆ, ಒಂದು ವಾಕ್ಯದಲ್ಲಿ ಗುರುತಿಸಬೇಕು. ಉಚ್ಚಾರ ಸ್ಪಷ್ಟವಾಗಿದ್ದರೆ ಅದನ್ನೂ ಅಷ್ಟೇ ಖಚಿತವಾಗಿ ಬರೆಯಬೇಕು. ಕನ್ನಡ ಮನೆಮಾತಲ್ಲದ ಎಂ. ಎಲ್. ವಸಂತಕುಮಾರಿಯವರು (1928–1990) ದೇವರನಾಮಗಳನ್ನು ಎಷ್ಟು ಜನರಿಗೆ ಮುಟ್ಟಿಸಿದರೆಂಬುದನ್ನು ನಾವು ಮರೆಯಬಾರದು. ಎಷ್ಟು ಚರಣಗಳನ್ನು ಹಾಡಿದರು, ಅಂಕಿತವಿರುವ ಕೊನೆಯ ಚರಣವನ್ನು ಉಳಿಸಿಕೊಂಡರೇ ಎಂಬುದನ್ನೂ ನೋಡಬಹುದು. ‘ಪುರಂದರವಿಠಲ’ ಎಂದೋ ‘ಕಾಗಿನೆಲೆಯಾದಿಕೇಶವ’ ಎಂದೋ ಕೇಳಿದೊಡನೆ ಕರ್ತೃವು ಯಾರೆಂದು ಮಗು ತಾನೇ ಹೇಳಬಲ್ಲದು.

ಇಲ್ಲಿ ಹಿರಿಯರಿಗೂ ಒಂದು ಮಾತು. ‘ಇದು ದಾಸರ ಮಟ್ಟಲ್ಲ, ಕೆಡಿಸಿಬಿಟ್ಟರು’ ಎಂದು ಮಗುವಿನ ಕೈಯಲ್ಲಿ ಬರೆಯಿಸಬೇಡಿರಿ. ದಾಸರು ಹಾಡಿದ ಮೂಲ ಮಟ್ಟುಗಳು ಬಹುಪಾಲು ಲುಪ್ತವಾಗಿವೆ. ಇಂದು ಕೇಳುವ ಅನೇಕ ಮಟ್ಟುಗಳು ಈಚಿನ ಸಂಗೀತಗಾರರವು. ಗದಗಿನಲ್ಲಿ ಜನಿಸಿ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು (1922–2011) ಅವೇ ಪದಗಳನ್ನು ಹಿಂದುಸ್ತಾನಿ ಶೈಲಿಯಲ್ಲಿ ಹಾಡಿದರು. ಆದುದರಿಂದ ಕೇಳತಕ್ಕ ಪ್ರಶ್ನೆ ‘ಈ ಮಟ್ಟು ಮೂಲದ್ದೇ?’ ಎಂಬುದಲ್ಲ, ‘ಈ ಮಟ್ಟಿನಲ್ಲಿ ಮಾತು ಕೇಳಿಸಿತೇ, ಭಾವಕ್ಕೆ ಹೊಂದಿತೇ?’ ಎಂಬುದು.

ದೋಷವನ್ನು ಹೇಳುವಾಗ ಕಾರಣವನ್ನೂ ಹೇಳಬೇಕು. ಮೃದಂಗದ ಸದ್ದು ಗಾಯನವನ್ನು ಮುಚ್ಚಿದ್ದರೆ ಅದು ವಾದಕರ ತಪ್ಪೋ ಧ್ವನಿವರ್ಧಕದ ವ್ಯವಸ್ಥೆಯ ತಪ್ಪೋ ಯೋಚಿಸಬೇಕು. ಮನೆಗೆ ಬಂದ ರಾತ್ರಿಯೇ, ತಂದೆತಾಯಿಗಳು ತಮ್ಮ ಅಭಿಪ್ರಾಯವನ್ನು ಹೇಳುವ ಮೊದಲೇ, ಮಗು ತನಗೆ ನೆನಪಿರುವುದನ್ನು ನಾಲ್ಕು ಸಾಲು ಗುರುತು ಹಾಕಿಕೊಳ್ಳಲಿ. ಕಠಿಣ ಶಬ್ದಗಳ ಅರ್ಥವನ್ನು ಮರುದಿನ ತಾವು ಹೇಳಿಕೊಡಬಹುದು. ಬರೆಹವು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕಾದರೆ ಪಲ್ಲವಿ, ಚರಣ, ಅಂಕಿತ ಎಂಬ ಮಾತುಗಳನ್ನು ಹಾಗೆಯೇ ಉಳಿಸಿ, ಮೊದಲ ಬಾರಿ ಬಂದಾಗ ಅರ್ಥವನ್ನು ವಿವರಿಸಿದರೆ ಉಪಾಧ್ಯಾಯರಿಗೆ ತೊಡಕಾಗದು.