ಹೊಲಕ್ಕೆ ಬಂದ ದಿಕ್ಕಿಲ್ಲದ ನಾಯಿ

ರಾಗಿ ಕೊಯ್ಲು ಮುಗಿದು ಕಣ ಮಾಡುವ ಕಾಲದಲ್ಲಿ ನಮ್ಮ ತಾಳವಾಡಿ ಸೀಮೆಯ ಹೊಲಗಳಿಗೆ ಕರೆಯದೆ ಬರುವ ಅತಿಥಿಗಳು ಹಲವು. ಆನೆ, ಹಂದಿಗಳ ಉಪಟಳವನ್ನು ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ಈ ವಾರ ನಾವು ಬರೆಯಹೊರಟಿರುವುದು ಅವಕ್ಕಿಂತ ಬಹು ಸಣ್ಣ ಅತಿಥಿಯನ್ನು ಕುರಿತು. ಯಾರದೆಂದು ತಿಳಿಯದ ಒಂದು ನಾಯಿ ಹೊಲದ ಬದುವಿನಲ್ಲಿಯೋ ಕೊಟ್ಟಿಗೆಯ ಬಾಗಿಲಲ್ಲಿಯೋ ಬಂದು ನಿಂತರೆ ರೈತನು ಮಾಡತಕ್ಕದ್ದೇನು?

ಹೋದ ವರ್ಷ ಕಣದ ದಿನಗಳಲ್ಲಿಯೇ ನಮ್ಮಲ್ಲಿಗೆ ಒಂದು ಕಂದು ಬಣ್ಣದ ಹೆಣ್ಣುನಾಯಿ ಬಂದಿತು. ಆಳುಗಳಲ್ಲಿ ಒಬ್ಬನು ಕಲ್ಲು ತೆಗೆದನು. ಇನ್ನೊಬ್ಬಳು ತನ್ನ ಬುತ್ತಿಯ ಮುದ್ದೆಯನ್ನೇ ಮುರಿದು ಕೈಯಲ್ಲಿ ಹಿಡಿದು ಹತ್ತಿರ ಹೋದಳು. ಇಬ್ಬರನ್ನೂ ನಾವು ತಡೆದೆವು. ಕಲ್ಲೆಸೆದವನ ತಪ್ಪು ಎಲ್ಲರಿಗೂ ಕಾಣುತ್ತದೆ. ಆದರೆ ಗುರುತಿಲ್ಲದ ನಾಯಿಗೆ ಕೈಯಿಂದಲೇ ತಿನ್ನಿಸ ಹೋಗುವ ದಯೆಯೂ ತಪ್ಪೇ. ಕಣ್ಣಿಗೆ ಕಂಡದ್ದರಿಂದ ಆರಂಭಿಸಿ ಕಾಣದುದರ ಕಡೆಗೆ ಹೋಗಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ನಾಯಿಯ ವಿಷಯದಲ್ಲಿಯೂ ಅದೇ ಕ್ರಮ. ಮೊದಲು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಬೇಕು.

ಕುತ್ತಿಗೆಯನ್ನು ನೋಡಿರಿ. ಪಟ್ಟಿಯಾಗಲಿ, ಹರಿದ ಹಗ್ಗವಾಗಲಿ, ಹಗ್ಗ ಉಜ್ಜಿ ಕೂದಲು ಸವೆದ ಗುರುತಾಗಲಿ ಇದ್ದರೆ ಅದಕ್ಕೊಬ್ಬ ಒಡೆಯನಿದ್ದಾನೆ, ಅಥವಾ ಇದ್ದನು. ಕಿವಿಯನ್ನು ನೋಡಿರಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತೆ ಅಥವಾ ಕಚ್ಚು ಹಾಕಿದಂತೆ ಇದ್ದರೆ, ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಆ ದಿನ ಹುಚ್ಚುರೋಗದ ಲಸಿಕೆಯೂ ಬಿದ್ದಿದೆ ಎಂದು ಅರ್ಥ. ಕಾದಾಟದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಗೊಂದಲಕ್ಕೆ ಎಡೆಯಿಲ್ಲ. ಹೆಣ್ಣಾದರೆ ಮೊಲೆಗಳು ಹಾಲು ತುಂಬಿ ಜೋತಿವೆಯೇ ನೋಡಬೇಕು. ಹಾಗಿದ್ದರೆ ಮರಿಗಳು ಸಮೀಪದಲ್ಲಿ ಎಲ್ಲಿಯೋ ಇವೆ. ತಾಯಿಯನ್ನು ಓಡಿಸಿದರೆ ಅವು ಹಸಿದು ಸಾಯುತ್ತವೆ. ಕೊನೆಗೆ ನಡಿಗೆ ಮತ್ತು ಬಾಯಿ. ಇವುಗಳ ವಿಚಾರವನ್ನು ಮುಂದೆ ಹೇಳುತ್ತೇವೆ.

ನಮ್ಮಲ್ಲಿಗೆ ಬಂದ ನಾಯಿಯ ಕುತ್ತಿಗೆಯಲ್ಲಿ ಒಂದು ಮೊಳ ಹಗ್ಗ ನೇತಾಡುತ್ತಿತ್ತು. ಅದು ಬಾಲವನ್ನು ತಗ್ಗಿಸಿಕೊಂಡು ಕಣದ ಸುತ್ತ ಬಂದು, ಆಳುಗಳ ನೀರಿನ ಕೊಡವನ್ನೇ ನೋಡುತ್ತಿತ್ತು. ಒಂದು ಹಳೆಯ ಮಡಕೆಯ ಚಿಪ್ಪಿನಲ್ಲಿ ನೀರಿಟ್ಟು ನಾವು ಹಿಂದೆ ಸರಿದೆವು. ನೀರು ಕುಡಿದ ಮೇಲೆ ಸ್ವಲ್ಪ ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿ ಅದೇ ಸ್ಥಳದಲ್ಲಿ ಇಟ್ಟೆವು. ಬಹಳ ದಿನ ಹಸಿದ ನಾಯಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಕೂಡದು. ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ಕೊಡುವುದು ಮೇಲು. ಈರುಳ್ಳಿ ಬೆಂದ ಸಾರು ನಾಯಿಯ ರಕ್ತಕ್ಕೆ ಕೇಡು. ಬೆಂದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ತಿನ್ನುವಾಗ ಮುಟ್ಟಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಮೇಲೆ ಬಗ್ಗಿ ನಿಲ್ಲಬಾರದು. ಮಕ್ಕಳನ್ನು ದೂರ ಇರಿಸಬೇಕು. ನಾಯಿ ಗುರುಗುಟ್ಟುತ್ತ ಬಂದರೆ ಓಡಲೂ ಕೂಡದು. ಕೈಗಳನ್ನು ಮೈಗೆ ಸೇರಿಸಿ ಮರದಂತೆ ನಿಂತರೆ ಹೆಚ್ಚಿನ ನಾಯಿಗಳು ಮೂಸಿ ಹೋಗುತ್ತವೆ. ಇದನ್ನು ನಾವು ಶಾಲೆಯ ಅಂಗಳದಲ್ಲಿ ಮಕ್ಕಳಿಂದ ಆಟದಂತೆ ಆಡಿಸಿದ್ದೇವೆ. ಬಿದ್ದರೆ ಮುದುಡಿಕೊಂಡು ಮುಖ, ಕುತ್ತಿಗೆಗಳನ್ನು ಕೈಗಳಿಂದ ಮುಚ್ಚಿಕೊಳ್ಳಬೇಕು.

ಎರಡು ದಿನದಲ್ಲಿ ಅದು ನಮಗೆ ಹೊಂದಿಕೊಂಡಿತು. ಒಡೆಯನನ್ನು ಹುಡುಕುವ ಕೆಲಸ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಹೇಳಿದೆವು. ಕೋಸು ತುಂಬುವ ಲಾರಿಯವರಿಗೆ ಹೇಳಿದೆವು. ಚಾಮರಾಜನಗರದ ಬಸ್ಸಿನ ಕಂಡಕ್ಟರಿಗೂ ಹೇಳಿದೆವು. ಫೋನಿನಲ್ಲಿ ತೆಗೆದ ಚಿತ್ರವನ್ನು ನಾಲ್ಕೂರಿನವರಿಗೆ ಕಳುಹಿಸಿದೆವು; ಆದರೆ ಹಗ್ಗದ ಬಣ್ಣವನ್ನೂ ಹೊಟ್ಟೆಯ ಕೆಳಗಿನ ಒಂದು ಬಿಳಿ ಮಚ್ಚೆಯನ್ನೂ ಯಾರಿಗೂ ತಿಳಿಸಲಿಲ್ಲ. ಒಡೆಯನೆಂದು ಹೇಳಿ ಬಂದವನು ಅವನ್ನು ತಾನೇ ಹೇಳಬೇಕು. ಆರನೆಯ ದಿನ ಗಡಿಯಾಚೆ ಕರ್ನಾಟಕದ ಊರಿನಿಂದ ಕುರಿ ಕಾಯುವ ಒಬ್ಬ ಮುದುಕರು ಬಂದರು. ಪಟಾಕಿಗೆ ಬೆದರಿ ಹಗ್ಗ ಹರಿದುಕೊಂಡು ಓಡಿತಂತೆ. “ರಾಜ್ಯ ಬೇರೆ ಅಂತ ಅದಕ್ಕೇನ್ ಗೊತ್ತು ಮೇಷ್ಟ್ರೇ” ಎಂದು ನಗುತ್ತ, ಮಚ್ಚೆಯನ್ನು ತಾವಾಗಿಯೇ ತೋರಿಸಿ ಕರೆದುಕೊಂಡು ಹೋದರು.

ಇಷ್ಟು ಸುಖವಾಗಿ ಎಲ್ಲವೂ ಮುಗಿಯುವುದಿಲ್ಲ. ನಮ್ಮ ಮನೆಯಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಇದುವರೆಗೆ ಹೇಳದಿದ್ದುದಕ್ಕೆ ನಾಚಿಕೆಯೇ ಕಾರಣ.

ನಾಲ್ಕು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ಎಂಟು ವರ್ಷದ ನಮ್ಮ ಮಗಳು ಶಾಲೆಯ ಬೇಲಿಯ ಬಳಿ ನೆನೆಯುತ್ತಿದ್ದ ಒಂದು ಮರಿಯನ್ನು ಚೀಲದಲ್ಲಿ ಹಾಕಿಕೊಂಡು ತಂದಳು. ಆ ಸಂಜೆಯೇ ಅದರ ಹಲ್ಲು ಅವಳ ಮುಂಗೈಗೆ ತಾಗಿ ಒಂದು ತೊಟ್ಟು ರಕ್ತ ಬಂದಿತು. ಮರಿಯಲ್ಲವೇ ಎಂದು ನಾವು ಅರಿಸಿನ ಹಚ್ಚಿ ಸುಮ್ಮನಾದೆವು. ಮೂರನೆಯ ದಿನ ಮರಿಯು ತಿನ್ನಲಿಲ್ಲ. ಸೌದೆಯ ರಾಶಿಯ ಹಿಂದೆ, ಕತ್ತಲಲ್ಲಿ ಹೋಗಿ ಮಲಗಿತು. ಕೆಳದವಡೆ ಜೋತು, ಜೊಲ್ಲು ಇಳಿಯುತ್ತಿತ್ತು. ಕೂಗಿದರೆ ಗಂಟಲು ಒಡೆದಂತಹ ಸ್ವರ. ಹತ್ತು ಊರಿನ ಮಕ್ಕಳಿಗೆ ವಿಜ್ಞಾನ ಕಲಿಸಿದ ನಮಗೆ ಆಗ ಬುದ್ಧಿ ಬಂದಿತು. ರಾತ್ರಿ ಇಡೀ ನಮ್ಮ ಮನೆಯವರೂ ನಾವೂ ಕಣ್ಣು ಮುಚ್ಚಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಅರಿಸಿನದ ಗುರುತನ್ನು ನೋಡಿ ನಮ್ಮ ಮುಖವನ್ನು ನೋಡಿದರು. ಮೊದಲ ಲಸಿಕೆ ಹಾಕಿ, ಗಾಯಕ್ಕೇ ಚುಚ್ಚಬೇಕಾದ ಸೀರಂಗಾಗಿ ದಿಂಬಂ ಘಟ್ಟದ ೨೭ ತಿರುವುಗಳನ್ನು ಇಳಿದು ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಆ ತಿರುವುಗಳನ್ನು ನಾವು ಒಂದೊಂದಾಗಿ ಎಣಿಸಿದೆವು. ಐದನೆಯ ದಿನ ಮರಿ ಸತ್ತಿತು. ಅದರ ಜೊಲ್ಲು ಮುಟ್ಟಿದ್ದ ನಾವಿಬ್ಬರೂ ಲಸಿಕೆ ಹಾಕಿಸಿಕೊಂಡೆವು. ಮಗಳಿಗೆ ಈಗ ಹನ್ನೆರಡು ವರ್ಷ. ದೇವರ ದಯೆಯಿಂದಲೂ ವೈದ್ಯರ ದಯೆಯಿಂದಲೂ ಚೆನ್ನಾಗಿದ್ದಾಳೆ.

ನಮ್ಮ ತಪ್ಪು ಎಲ್ಲೆಲ್ಲಿ ಆಯಿತೆಂಬುದನ್ನು ನೋಡೋಣ. ಹುಚ್ಚುರೋಗದ ವಿಷಾಣು ನಾಯಿಯ ಜೊಲ್ಲಿನಲ್ಲಿ ಇರುತ್ತದೆ. ಮರಿಯಾದರೂ ಸರಿ, ಮುದಿಯಾದರೂ ಸರಿ. ಗಾಯದಿಂದ ಅದು ನರಗಳನ್ನು ಹಿಡಿದು ನಿಧಾನವಾಗಿ ಮೆದುಳಿಗೆ ಏರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವು ಸಲ ವಾರದಲ್ಲಿಯೇ, ಕೆಲವು ಸಲ ವರ್ಷಕ್ಕೆ. ಮೆದುಳಿಗೆ ಸೇರಿ ರೋಗ ತೋರಿದ ಮೇಲೆ ಉಳಿದವರು ಇಲ್ಲವೆಂದೇ ಹೇಳಬೇಕು. ಆ ದಾರಿಯ ನಡುವೆಯೇ ಅದನ್ನು ತಡೆಯುವುದು ಲಸಿಕೆಯ ಕೆಲಸ. ಆದಕಾರಣ ಕಚ್ಚಿದೊಡನೆ, ಕೊಳಾಯಿಯ ಅಥವಾ ಪಂಪ್‌ಸೆಟ್ಟಿನ ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಪೂರಾ ೧೫ ನಿಮಿಷ ತೊಳೆಯಬೇಕು. ಬಟ್ಟೆ ಒಗೆಯುವ ಸೋಪಾದರೂ ಆದೀತು. ಗಡಿಯಾರ ನೋಡಿಕೊಂಡು ತೊಳೆಯಿರಿ. ೧೫ ನಿಮಿಷ ಎಷ್ಟು ಉದ್ದವೆಂಬುದು ಆಗ ತಿಳಿಯುತ್ತದೆ. ಸುಣ್ಣ, ಖಾರದಪುಡಿ, ಅರಿಸಿನ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಕಟ್ಟು ಕಟ್ಟಬೇಡಿರಿ. ಆಸ್ಪತ್ರೆಗೆ ಅದೇ ದಿನ ಹೋಗಿರಿ. ತಡವಾಯಿತೆಂದು ಬಿಟ್ಟುಬಿಡಲೂ ಬೇಡಿರಿ, ಎಷ್ಟು ತಡವಾದರೂ ಹೋಗತಕ್ಕದ್ದು.

ಹಳಬರಿಗೆ ಇನ್ನೂ ಹೊಟ್ಟೆಗೆ ಹಾಕುವ ೧೪ ಸೂಜಿಗಳ ಭಯವಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ ೨೦೦೫ರ ವೇಳೆಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ, ಚರ್ಮದೊಳಕ್ಕೆ, ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ ೦, ೩, ೭, ೨೮ನೆಯ ದಿನ. ಸ್ನಾಯುವಿಗೆ ಹಾಕುವುದಾದರೆ ೧೪ನೆಯ ದಿನವೂ ಸೇರಿ ಐದು ಸಲ. ರಕ್ತ ಬಂದ ಗಾಯಕ್ಕೆ ಸೀರಂ ಬೇರೆ. ಚೀಟಿಯಲ್ಲಿ ಬರೆದ ದಿನವನ್ನು ತಪ್ಪಿಸಬಾರದು. ಕೊಯ್ಲಿನ ಕೆಲಸವೆಂದು ೨೮ನೆಯ ದಿನವನ್ನು ಬಿಡುವವರನ್ನು ನಾವು ಕಂಡಿದ್ದೇವೆ. ೧೮೮೫ರ ಜುಲೈ ೬ರಂದು ಪ್ಯಾರಿಸಿನಲ್ಲಿ ಲೂಯಿ ಪಾಸ್ಚರ್ ಮೊದಲ ಸಲ ಈ ಚಿಕಿತ್ಸೆ ಕೊಡಿಸಿದ್ದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ. ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿ ೧೯೦೭ರಲ್ಲಿ ತೆರೆದ ಸಂಸ್ಥೆಗೆ ಅವನ ಪ್ರಾಣ ಉಳಿಸಿದ ಆ ಪಾಸ್ಚರನದೇ ಹೆಸರು.

ಹುಚ್ಚುನಾಯಿ ನೀರಿಗೆ ಹೆದರುತ್ತದೆ, ಆದ್ದರಿಂದ ನೀರು ಕುಡಿದರೆ ಹುಚ್ಚಿಲ್ಲ ಎಂಬ ಮಾತು ಹಳ್ಳಿಯಲ್ಲಿ ಬಹಳ ಬಳಕೆಯಲ್ಲಿದೆ. ಅದು ಸುಳ್ಳು. ನೀರಿನ ಭಯ ರೋಗ ತಗಲಿದ ಮನುಷ್ಯನಿಗೆ. ನಾಯಿ ನೀರಿಗೆ ಬಾಯಿ ಹಾಕುತ್ತದೆ, ನುಂಗಲಾರದು ಅಷ್ಟೆ. ಎಲ್ಲ ಹುಚ್ಚುನಾಯಿಗಳೂ ಓಡಿ ಓಡಿ ಕಚ್ಚುವುದೂ ಇಲ್ಲ. ಕಲ್ಲು ಕಡ್ಡಿಗಳನ್ನು ಕಚ್ಚುವುದು ಒಂದು ಬಗೆ. ನಮ್ಮ ಮರಿಯಂತೆ ಮೂಲೆ ಹಿಡಿದು, ಹಿಂಗಾಲು ಸೋತು ಬೀಳುವುದು ಇನ್ನೊಂದು. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲದೆ ೧೦ ದಿನ ಕಣ್ಣಿಟ್ಟು ನೋಡಬೇಕೆಂದು ವೈದ್ಯರು ಹೇಳುವುದು ಏತಕ್ಕೆಂದರೆ, ಕಚ್ಚಿದಾಗ ಜೊಲ್ಲಿನಲ್ಲಿ ವಿಷವಿದ್ದ ನಾಯಿ ಅಷ್ಟರೊಳಗೆ ರೋಗ ತೋರಿ ಸಾಯುತ್ತದೆ. ಆದರೆ ಆ ಹತ್ತು ದಿನ ಮುಗಿಯಲೆಂದು ಲಸಿಕೆಯನ್ನು ತಡೆಹಿಡಿಯಕೂಡದು.

ದನಕರುಗಳ ವಿಚಾರ. ನೆರೆಯ ಹಟ್ಟಿಯಲ್ಲಿ ಒಂದು ಎತ್ತು ಮೇವು ಬಿಟ್ಟು, ಜೊಲ್ಲು ಸುರಿಸಿ, ಒಡಕು ದನಿಯಲ್ಲಿ ಬಿಡದೆ ಕೂಗತೊಡಗಿತು. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಒಡೆಯರು ಮೊಣಕೈವರೆಗೆ ಕೈ ಹಾಕಿ ತಡಕಿದರು. ಏನೂ ಸಿಗಲಿಲ್ಲ. ಪಶುವೈದ್ಯರು ಬಂದು ನೋಡಿದಾಗ ತಿಂಗಳ ಹಿಂದೆ ಮೇವಿನ ಬಯಲಿನಲ್ಲಿ ನಾಯಿ ಕಚ್ಚಿದ್ದು ಎಲ್ಲರಿಗೂ ನೆನಪಾಯಿತು. ಎತ್ತು ಹೋಯಿತು, ಮನೆಮಂದಿಯೆಲ್ಲ ಸೂಜಿಗೆ ಸಾಲು ನಿಂತರು. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಲೇಬಾರದು. ನಾಯಿ ಕಚ್ಚಿದ ದನದ ಗಾಯವನ್ನೂ ಕೈಗೆ ಚೀಲ ಹಾಕಿಕೊಂಡು ಸೋಪಿನಿಂದ ತೊಳೆದು, ಅದೇ ದಿನ ಲಸಿಕೆ ಆರಂಭಿಸಬೇಕು. ಪಶು ಆಂಬುಲೆನ್ಸಿನ ಸಂಖ್ಯೆ ೧೯೬೨. ಕೊಟ್ಟಿಗೆಯ ಗೋಡೆಗೆ ಬರೆದಿಡಿರಿ. ಹುಚ್ಚುರೋಗದ ಅನುಮಾನವಿದ್ದ ಹಸುವಿನ ಹಾಲನ್ನು ಚೆಲ್ಲಿರಿ, ಸತ್ತರೆ ಆಳವಾಗಿ ಹೂಳಿರಿ.

ಒಡೆಯನೇ ಸಿಗದ ನಾಯಿಯನ್ನು ಏನು ಮಾಡುವುದು? ಚೀಲದಲ್ಲಿ ಕಟ್ಟಿ ಕಾಡಂಚಿಗೆ ಬಿಟ್ಟು ಬರುವುದು ನಮ್ಮ ಕಡೆಯ ಹಳೆಯ ಚಾಳಿ. ಅದರಷ್ಟು ಕೆಟ್ಟದ್ದು ಇಲ್ಲ. ಸತ್ಯಮಂಗಲದ ಕಾಡು ೨೦೧೩ರಿಂದ ಹುಲಿ ಸಂರಕ್ಷಿತ ಪ್ರದೇಶ. ಬಿಟ್ಟ ನಾಯಿ ಒಂದೋ ಚಿರತೆಯ ಬಾಯಿಗೆ ಬೀಳುತ್ತದೆ, ರುಚಿ ಹತ್ತಿದ ಚಿರತೆ ಊರಿನ ದಾರಿ ಹಿಡಿಯುತ್ತದೆ. ಇಲ್ಲವೇ ನಾಯಿಗಳು ಗುಂಪಾಗಿ ಜಿಂಕೆಯನ್ನೂ ನಮ್ಮ ಕುರಿಗಳನ್ನೂ ಹರಿಯುತ್ತವೆ, ತಮ್ಮ ರೋಗಗಳನ್ನು ಸೀಳುನಾಯಿಗಳಿಗೆ ಅಂಟಿಸುತ್ತವೆ. ಸಾಯಿಸುವುದು ಕಾನೂನಿಗೂ ವಿರುದ್ಧ. ೨೦೨೩ರ ನಿಯಮಗಳಂತೆ ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಹಿಡಿದ ಸ್ಥಳಕ್ಕೇ ಬಿಡಬೇಕು. ಆ ಕೆಲಸ ಸ್ಥಳೀಯ ಆಡಳಿತದ್ದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದ ನಾಯಿಗಳನ್ನು ಮಾತ್ರ ಆಶ್ರಯಸ್ಥಾನಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟು ೨೦೨೫ರ ನವೆಂಬರ್ ೭ರಂದು ಆದೇಶ ಮಾಡಿತು. ಪಂಚಾಯಿತಿಗೆ ಬಾಯಿಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ಬರೆದು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ.

ಸಾಕಲು ಮನಸ್ಸಿದ್ದರೆ ಸಾಕಿರಿ. ಹೊಲಕ್ಕೆ ನಾಯಿ ಬೇಕೇ ಬೇಕು. ಮೊದಲ ಹತ್ತು ದಿನ ಮಕ್ಕಳಿಂದಲೂ ಕೊಟ್ಟಿಗೆಯಿಂದಲೂ ದೂರ ಕಟ್ಟಿ ನೋಡಿರಿ. ಆಮೇಲೆ ಪಶು ಆಸ್ಪತ್ರೆಗೆ ಒಯ್ದು ಜಂತಿನ ಔಷಧಿ, ಹುಚ್ಚುರೋಗದ ಲಸಿಕೆ ಹಾಕಿಸಿ, ಲಸಿಕೆಯನ್ನು ಪ್ರತಿ ವರ್ಷ ಮರುಕಳಿಸಿರಿ. ಕುರಿ ಕಡಿದಾಗ ಹಸಿ ಕರುಳು, ಪಿತ್ತಜನಕಾಂಗಗಳನ್ನು ನಾಯಿಗೆ ಎಸೆಯಬೇಡಿರಿ. ಅದರಿಂದ ನಾಯಿಗೆ ಸೇರುವ ಒಂದು ಲಾಡಿಹುಳು ಮನುಷ್ಯನ ಪಿತ್ತಜನಕಾಂಗದಲ್ಲಿಯೂ ನೀರಗುಳ್ಳೆ ಎಬ್ಬಿಸುತ್ತದೆ. ಹೆಣ್ಣಾದರೆ ಶಸ್ತ್ರಚಿಕಿತ್ಸೆ ಮಾಡಿಸಿರಿ. ಗಬ್ಬ ನಿಂತ ಎರಡು ತಿಂಗಳಿಗೇ ನಾಯಿ ಈಯುತ್ತದೆ, ವರ್ಷಕ್ಕೆ ಎರಡು ಸಲ ಬೆದೆಗೆ ಬರಬಲ್ಲದು. ಬಾವಿಯ ಬಳಿ ಚೀಲದಲ್ಲಿ ಬಿಟ್ಟುಹೋದ ಮರಿಗಳೆಲ್ಲ ಎಲ್ಲಿಂದ ಬರುತ್ತವೆಂದು ಲೆಕ್ಕ ಹಾಕಿ ನೋಡಿರಿ.

ಮರಿ ಸತ್ತ ಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ನಾಯಿಯ ಮಾತೇ ಇರಲಿಲ್ಲ. ಈಗ ಒಂದಿದೆ. ಕುರಿ ಕಾಯುವ ಆ ಮುದುಕರೇ ತಂದುಕೊಟ್ಟದ್ದು. ಕಂದು ನಾಯಿಯ ಮರಿ, ಹೊಟ್ಟೆಯ ಕೆಳಗೆ ಅದೇ ಬಿಳಿ ಮಚ್ಚೆ. ಮೂರು ತಿಂಗಳು ತುಂಬಿದ ದಿನವೇ ಅದಕ್ಕೆ ಲಸಿಕೆ ಹಾಕಿಸಿದೆವು. ಚೀಟಿಯನ್ನು ಮಗಳು ತನ್ನ ಪಾಠದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ನಮ್ಮ ಕೈಗೆ ಕೊಡುವುದಿಲ್ಲ.